ಎರಡನೇ ನಂಬರ್ ಬಾವಿ

ಜೇಬಿನಲ್ಲಿ ಪೆನ್ನಿಲ್ಲದಿದ್ದರೂ ನಡೆದೀತು, ಸೀಮೆಸುಣ್ಣವಿಲ್ಲದೆ ಶಂಕರಪ್ಪನವರು ಸೋಮವಾರ ಮನೆಯಿಂದ ಹೊರಬಿದ್ದವರಲ್ಲ. ಹಾಗಂತ ಅವರೇನು ಮೇಷ್ಟರಲ್ಲ. ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗದಲ್ಲಿ ಫೀಲ್ಡ್ ಅಟೆಂಡರ್. ವಾರಕ್ಕೊಮ್ಮೆ ವಿಜಯವಾಡದ ಮೂರು ಬಾವಿಗಳ ನೀರು ನೆಲದಿಂದ ಎಷ್ಟು ಕೆಳಗಿದೆ ಎಂದು ಅಳೆಯುವುದು ಅವರ ಪಾಲಿನ ಕೆಲಸ. ಉಕ್ಕಿನ ಟೇಪಿನ ತುದಿಗೆ ಸೀಮೆಸುಣ್ಣ ಬಳಿದು ಬಾವಿಗೆ ಇಳಿಬಿಡಬೇಕು, ಮೇಲೆತ್ತಿ ನೋಡಬೇಕು. ನೀರು ತಾಗಿದಷ್ಟು ಸುಣ್ಣದ ಬಣ್ಣ ಮಂಕಾಗಿರುತ್ತದೆ. ಇಳಿಬಿಟ್ಟ ಉದ್ದದಿಂದ ಅದನ್ನು ಕಳೆದು ಬಂದ ಅಂಕಿಯನ್ನು ರಿಜಿಸ್ಟರಿನ ಚೌಕದಲ್ಲಿ ಬರೆದರೆ ಆ ವಾರದ ಕೆಲಸ ಮುಗಿಯಿತು. ಭವಾನಿಪುರಂ ಒಂದನೇ ನಂಬರ್ ಬಾವಿ, ಆಟೋನಗರ್ ಎರಡನೆಯದು, ಗವರ್ನರ್‌ಪೇಟೆ ಮೂರನೆಯದು. ಇದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರು ಮುರಿಯಲಿ. ಮೂವತ್ತೊಂದು ವರ್ಷ ಒಂದೇ ಕೆಲಸವನ್ನು ತಪ್ಪದೆ ಮಾಡಿದ ನಾಲ್ಕು ಜನರನ್ನು ಮೊದಲು ತೋರಿಸಲಿ.

ತಪ್ಪದೆ ಎಂಬ ಆ ಮಾತೇ ಕೊನೆಗೆ ಅವರ ಗಂಟಲಿಗೆ ಸಿಕ್ಕ ಮುಳ್ಳಾಯಿತು.

ಶಂಕರಪ್ಪನವರ ತಂದೆ ಹೊನ್ನಪ್ಪ ಅರಸೀಕೆರೆ ಕಡೆಯವರು. ನೌಕಾಪಡೆಯಲ್ಲಿ ಅಡುಗೆ ಕೆಲಸ ಸಿಕ್ಕಿ ವಿಶಾಖಪಟ್ಟಣಕ್ಕೆ ಬಂದವರು ಅಲ್ಲೇ ಉಳಿದರು. ಶಂಕರಪ್ಪ ಹುಟ್ಟಿದ್ದು, ಓದಿದ್ದು, ಕೆಲಸಕ್ಕೆ ಸೇರಿದ್ದು ಎಲ್ಲ ಆ ಊರಿನಲ್ಲೇ. ವಿಶ್ವವಿದ್ಯಾಲಯದ ಮುಖ್ಯ ಕ್ಯಾಂಪಸ್ ಅಲ್ಲಿ ಸಮುದ್ರಕ್ಕೆ ಮುಖ ಮಾಡಿಕೊಂಡು ಗುಡ್ಡದ ಮೇಲಿದೆ. ಹಳೆಯ ಕಲ್ಲಿನ ಕಟ್ಟಡಗಳು, ದೊಡ್ಡ ಗ್ರಂಥಾಲಯ, ದೊಡ್ಡ ದೊಡ್ಡ ಪ್ರೊಫೆಸರುಗಳು. ವಿಜಯವಾಡದ ಕ್ಯಾಂಪಸ್ ಅಂದರೆ ಎರಡು ಮಹಡಿ, ಒಂದು ಲ್ಯಾಬು, ಅರ್ಧಕ್ಕರ್ಧ ಖಾಲಿ ಕುರ್ಚಿ. ಪಾಠಕ್ಕೆ ಗಂಟೆ ಲೆಕ್ಕದ ಉಪನ್ಯಾಸಕರು ಬರುತ್ತಾರೆ, ಹೋಗುತ್ತಾರೆ. ಮಳೆಗಾಲದಲ್ಲಿ ಸೋರುವ ಚಾವಣಿಯ ಅರ್ಜಿ ವಿಶಾಖಪಟ್ಟಣಕ್ಕೆ ಹೋಗಿ ಸಹಿಯಾಗಿ ಬರುವಷ್ಟರಲ್ಲಿ ಬೇಸಿಗೆ ಬಂದಿರುತ್ತದೆ. ಮಲತಾಯಿ ಮಗನ ಹಾಗಿದ್ದ ಈ ಕ್ಯಾಂಪಸ್ಸಿಗೆ ಕೆಲಸಕ್ಕೆ ಸೇರಿದ ವರ್ಷವೇ, ಎರಡು ವರ್ಷದ ಮಟ್ಟಿಗೆ ಎಂದು ಶಂಕರಪ್ಪನವರನ್ನು ಕಳಿಸಿದರು. ಆಮೇಲೆ ವಾಪಸ್ ಕರೆಯುವುದು ಯಾರಿಗೂ ನೆನಪಾಗಲಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಳೆಯ ಅಟೆಂಡರೊಬ್ಬರು ಅವರಿಗೆ ಒಂದು ಬುದ್ಧಿ ಹೇಳಿಕೊಟ್ಟಿದ್ದರು. ರಿಜಿಸ್ಟರಿನಲ್ಲಿ ತುಂಬಿದ ಚೌಕವನ್ನು ಯಾರೂ ನೋಡುವುದಿಲ್ಲ, ಖಾಲಿ ಚೌಕವನ್ನು ಎಲ್ಲರೂ ನೋಡುತ್ತಾರೆ, ಮೆಮೊ ಬರುವುದು ಖಾಲಿ ಚೌಕಕ್ಕೇ. ಜ್ವರ ಬಂದು ಮಲಗಿದ ವಾರ ಹಿಂದಿನ ಅಂಕಿಗೂ ಮುಂದಿನ ಅಂಕಿಗೂ ನಡುವೆ ಒಂದು ಅಂಕಿ ಬರೆದುಬಿಡುವುದು ಅಟೆಂಡರುಗಳ ವಾಡಿಕೆ. ಅದಕ್ಕೆ ಗುಂಡಿ ಮುಚ್ಚುವುದು ಎನ್ನುತ್ತಿದ್ದರು. ಶಂಕರಪ್ಪ ಅಂಥದ್ದನ್ನೂ ಮಾಡಿದವರಲ್ಲ. ಜ್ವರವಿದ್ದರೆ ಮಾತ್ರೆ ನುಂಗಿ ಹೋದರು, ಮಗ ಹುಟ್ಟಿದ ದಿನ ಬಾವಿ ಅಳೆದು ಆಸ್ಪತ್ರೆಗೆ ಹೋದರು. ಹೆಂಡತಿ ಉಮಾದೇವಿ ಇವತ್ತಿಗೂ ಅದನ್ನು ಎತ್ತಿ ಆಡಿಕೊಳ್ಳುವುದುಂಟು.

ಒಂಬತ್ತು ವರ್ಷದ ಹಿಂದೆ, ಒಂದು ಸೋಮವಾರ ಆಟೋನಗರಕ್ಕೆ ಹೋದರೆ ಬಾವಿಯೇ ಇಲ್ಲ. ಲಾರಿ ರಿಪೇರಿ ಶೆಡ್ಡಿನ ಹಿಂದಿತ್ತು ಅದು. ಲಾರಿ ನಿಲ್ಲಿಸಲು ಜಾಗ ಸಾಲದೆಂದು ಶೆಡ್ಡಿನವನು ಭಾನುವಾರವೇ ಬಾವಿಯ ಬಾಯಿಗೆ ಕಾಂಕ್ರೀಟ್ ಹಾಸು ಹಾಕಿಸಿದ್ದ. ಅದರ ಮೇಲೆ ಆಗಲೇ ಒಂದು ಲಾರಿ ನಿಂತಿತ್ತು. ಶಂಕರಪ್ಪ ಅಲ್ಲಿಂದಲೇ ಪ್ರೊಫೆಸರಿಗೆ ಫೋನ್ ಮಾಡಿದರು. ಆ ಪ್ರೊಫೆಸರು ನಿವೃತ್ತಿಯ ಅವಸರದಲ್ಲಿದ್ದವರು. ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. "ಶಂಕರಪ್ಪ ಗಾರೂ, ಮೀರೇ ಚೂಸ್ಕೋಂಡಿ" ಎಂದು ಫೋನ್ ಇಟ್ಟರು. ನೀವೇ ನೋಡಿಕೊಳ್ಳಿ ಅಂದರೆ ಏನು ನೋಡಿಕೊಳ್ಳಬೇಕು? ಶಂಕರಪ್ಪ ನೋಡಿಕೊಂಡರು. ನಾನೂರು ಹೆಜ್ಜೆ ಆಚೆ, ಕಾಲುವೆಯ ದಂಡೆಗೆ ದುರ್ಗಾಭವಾನಿ ಎಂಬ ಹೆಂಗಸಿನ ಮನೆಯ ಹಿತ್ತಲಲ್ಲಿ ಒಂದು ಬಾವಿಯಿತ್ತು. ಕೇಳಿದ ಕೂಡಲೇ ಆಕೆ ಬಾಗಿಲು ತೆಗೆದಳು. ಒಂದೇ ನೆಲ, ಒಂದೇ ನೀರು, ನಾನೂರು ಹೆಜ್ಜೆಗೆ ಏನು ವ್ಯತ್ಯಾಸ ಎಂದುಕೊಂಡು ಟೇಪ್ ಇಳಿಬಿಟ್ಟರು.

ವ್ಯತ್ಯಾಸವಿತ್ತು. ಹಳೆಯ ಬಾವಿಯಲ್ಲಿ ನೀರು ಹನ್ನೊಂದು ಮೀಟರು ಕೆಳಗೆ. ಇಲ್ಲಿ ಕಾಲುವೆಯ ಜಿನುಗಿಗೆ ಬರೀ ಏಳು. ಏಳು ಎಂದು ಬರೆದರೆ ಯಾರಾದರೂ ಕೇಳುತ್ತಾರೆ, ಖಾಲಿ ಬಿಟ್ಟರೂ ಕೇಳುತ್ತಾರೆ. ಶಂಕರಪ್ಪ ಹತ್ತೂವರೆ ಎಂದು ಬರೆದರು. ಮುಂದಿನ ವಾರ ಹತ್ತು, ಅದರ ಮುಂದಿನ ವಾರ ಒಂಬತ್ತೂವರೆ. ಹೀಗೆ ಎಂಟು ವಾರ ಮೆಟ್ಟಿಲು ಇಳಿಸಿದ ಹಾಗೆ ಅಂಕಿ ಇಳಿಸಿ ಹೊಸ ಬಾವಿಗೆ ತಂದು ಮುಟ್ಟಿಸಿದರು. ಆ ಎಂಟು ವಾರದ ನಿಜವಾದ ಅಂಕಿಗಳನ್ನು ಎಸೆಯಲು ಮಾತ್ರ ಮನಸ್ಸು ಬರಲಿಲ್ಲ. ಕಿಸೆಯ ಡೈರಿಯ ಕೊನೆಯ ಪುಟದಲ್ಲಿ ಕನ್ನಡದಲ್ಲಿ ಬರೆದಿಟ್ಟುಕೊಂಡರು. ಹೊಸ ಪ್ರೊಫೆಸರು ಬಂದ ಮೇಲೆ ಹೇಳಿದರಾಯಿತು ಎಂದುಕೊಂಡರು. ಹೊಸಬರು ಬಂದರು, ರಿಜಿಸ್ಟರು ಕಂಪ್ಯೂಟರಿಗೆ ಹೋಯಿತು, ಹೇಳುವುದು ಉಳಿಯಿತು.

ನಾಲ್ಕು ವರ್ಷದ ಹಿಂದೆ ಹರ್ಷಿತಾ ಬಂದಳು. ತಿಪಟೂರಿನ ಹುಡುಗಿ, ಅಂತರ್ಜಲದ ಮೇಲೆ ಪಿಎಚ್‌ಡಿ ಮಾಡಲು ಬಂದವಳು. ಶಂಕರಪ್ಪ ಫೋನಿನಲ್ಲಿ ಹೆಂಡತಿಯೊಂದಿಗೆ ಕನ್ನಡ ಮಾತಾಡುವುದನ್ನು ಕೇಳಿ ಅವಳ ಕಣ್ಣು ಅರಳಿತು. ಅವರು ಅವತ್ತೇ ಭವಾನಿಪುರದ ಮನೆಗೆ ಊಟಕ್ಕೆ ಕರೆದುಕೊಂಡು ಹೋದರು. ಅವಳು "ಆಂಟಿ" ಅಂದಳೋ ಇಲ್ಲವೋ, ಉಮಾದೇವಿ ಸೌಟು ಹಿಡಿದೇ ಗದರಿದರು.

"ಆಂಟಿ ಗೀಂಟಿ ಎಲ್ಲ ಬ್ಯಾಡ ಕಣವ್ವ. ತಿಪಟೂರು ಅಂದ್ರೆ ನಮ್ಮೂರಿಗೆ ಕೂಗಳತೆ. ದೊಡ್ಡಮ್ಮ ಅನ್ನು. ಇವ್ರು ದೊಡ್ಡಪ್ಪ."

"ಆಯ್ತು ದೊಡ್ಡಮ್ಮ" ಎಂದಳು ಹರ್ಷಿತಾ, ಮುದ್ದೆಗೆ ಕೈಯಿಡುತ್ತ. ಆ ಒಂದು ಮಾತಿಗೆ ಶಂಕರಪ್ಪ ಕರಗಿಹೋದರು. ಆಫೀಸಿನಲ್ಲಿ ಎಲ್ಲರಿಗೂ ಅವರು, ತೆಲುಗಿನ ಮರ್ಯಾದೆಯಂತೆ, ಶಂಕರಪ್ಪ ಗಾರು. ಬೇರೆ ಊರಿನಲ್ಲಿದ್ದ ಮಗ ದಿನೇಶ ಕನ್ನಡದಲ್ಲಿ ಕೇಳಿದರೆ ತೆಲುಗಿನಲ್ಲಿ ಉತ್ತರ ಕೊಡುವವನು, ಅಪ್ಪನನ್ನು "ನಾನ್ನಾ" ಎನ್ನುವವನು. ತಮ್ಮ ಭಾಷೆಯಲ್ಲಿ ತಮ್ಮನ್ನು ವರಸೆ ಹಿಡಿದು ಕರೆಯುವವರು ಆ ಊರಿನಲ್ಲಿ ಒಬ್ಬರೂ ಇರಲಿಲ್ಲ. ಈಗ ಒಬ್ಬಳು ಬಂದಳು. ಭಾನುವಾರದ ಊಟಕ್ಕೆ ಮೂರನೇ ತಟ್ಟೆ ಕಾಯಂ ಆಯಿತು.

ಹರ್ಷಿತಾ ಬಾವಿ ನೋಡಲು ಬಂದಳು. ಆಟೋನಗರದಲ್ಲಿ ಶಂಕರಪ್ಪ ಅವಳನ್ನು ದುರ್ಗಾಭವಾನಿಯ ಹಿತ್ತಲಿಗೆ ಕರೆದುಕೊಂಡು ಹೋದರು. ಎರಡನೇ ನಂಬರ್ ಬಾವಿ ಇದೇ ಅಂದರು. ಅವತ್ತೇ ಹೇಳಬಹುದಿತ್ತು, ಹೇಳಲಿಲ್ಲ. ಅವಳು ರಿಜಿಸ್ಟರಿನ ಅಂಕಿಗಳನ್ನೆಲ್ಲ ಗ್ರಾಫ್ ಮಾಡಿದ ದಿನ ಕುಣಿದಾಡಿಕೊಂಡು ಬಂದಳು. ಮೂರು ಬಾವಿಗಳಲ್ಲಿ ಎರಡು ಬತ್ತುತ್ತ ಹೋಗಿವೆ, ಆಟೋನಗರದ ಒಂದರಲ್ಲಿ ಮಾತ್ರ ನೀರು ಮೇಲೆ ಬಂದಿದೆ, ಅದೂ ಎಂಟು ವಾರದಲ್ಲಿ ಎಷ್ಟು ನಯವಾಗಿ ಏರಿದೆ ನೋಡಿ ಎಂದು ತೋರಿಸಿದಳು. ನೆಲ ತಾನಾಗಿ ಚೇತರಿಸಿಕೊಂಡದ್ದಕ್ಕೆ ಇದೇ ಸಾಕ್ಷಿ ಎಂದಳು. ಪ್ರಬಂಧದ ನಾಲ್ಕನೇ ಅಧ್ಯಾಯ ಪೂರ್ತಿ ಆ ಎಂಟು ವಾರದ ಮೇಲೆ ನಿಂತಿತು. ಶಂಕರಪ್ಪ ಆ ಗೆರೆಯನ್ನು ನೋಡಿದರು. ಅದು ತಮ್ಮದೇ ಕೈಬರಹ. ಅವತ್ತಿನಿಂದ ಅವರಿಗೆ ಮುದ್ದೆ ಇಳಿಯುವುದು ಕಷ್ಟವಾಯಿತು.

ನಿವೃತ್ತಿ ಹತ್ತಿರ ಬಂತು. ಆ ತಿಂಗಳ ಕೊನೆಯ ಶುಕ್ರವಾರ ವಿಶಾಖಪಟ್ಟಣದಲ್ಲಿ ಹರ್ಷಿತಾಳ ಸೆಮಿನಾರು. ಪ್ರಬಂಧ ಒಪ್ಪಿಸುವ ಮುಂಚೆ ಸಮಿತಿಯ ಮುಂದೆ ನಿಂತು ಎಲ್ಲವನ್ನೂ ವಿವರಿಸಬೇಕು. ಸಮಿತಿ ಒಪ್ಪಿದರೆ ಜೂನ್‌ನಲ್ಲಿ ತಿಪಟೂರಿನ ಕಾಲೇಜಿನಲ್ಲಿ ಅವಳಿಗೆ ಕೆಲಸ ಕಾದಿತ್ತು. ಅದೇ ದಿನ ಸಂಜೆ ವಿಭಾಗದವರು ಶಂಕರಪ್ಪನವರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಇಬ್ಬರೂ ಒಟ್ಟಿಗೆ ಹೋಗುವುದೆಂದಾಯಿತು. ಹಿಂದಿನ ದಿನ ಸಂಜೆ ಹರ್ಷಿತಾ ಮನೆಗೆ ಬಂದವಳು ಸಂಭ್ರಮದಲ್ಲಿ ಇನ್ನೊಂದು ಸುದ್ದಿ ಹೇಳಿದಳು.

"ದೊಡ್ಡಪ್ಪ, ಲಕ್ಷ್ಮೀಕಾಂತಮ್ಮ ಮೇಡಂ ಫೋನ್ ಮಾಡಿದ್ರು. ಸ್ಟೋರ್ ರೂಮಲ್ಲಿ ಮೊದಲ್ನೇ ಸರ್ವೆ ಮಾಡ್ದಾಗಿನ ನಕ್ಷೆ ಸಿಕ್ಕಿದೆಯಂತೆ. ಬಾವಿಗಳನ್ನ ಒಂದೊಂದಾಗಿ ಗುರುತು ಹಾಕಿರೋದು. ನಾಳೆ ಸೆಮಿನಾರಲ್ಲಿ ಸಮಿತಿಯವ್ರ ಮುಂದೆ ಅದನ್ನೂ ಇಡ್ತಾರಂತೆ. ಒಳ್ಳೇದಾಯ್ತಲ್ವಾ?"

ಶಂಕರಪ್ಪ ಒಳ್ಳೆಯದಾಯಿತು ಅಂದರು. ಬೇರೇನು ಅನ್ನುತ್ತಾರೆ? ನಕ್ಷೆಯಲ್ಲಿ ಬಾವಿ ಲಾರಿ ಶೆಡ್ಡಿನ ಹಿಂದೆ ಇರುತ್ತದೆ, ಹುಡುಗಿಯ ಪರದೆಯ ಮೇಲೆ ನಾನೂರು ಹೆಜ್ಜೆ ಆಚೆ ಕಾಲುವೆಯ ದಂಡೆಯಲ್ಲಿ. ಕಳ್ಳಿ ಎಂದು ಸಮಿತಿಯವರು ಬೆರಳು ತೋರಿಸುವುದು ಅವಳಿಗೆ. ತಮ್ಮ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ. ಅಟೆಂಡರನ್ನು ಯಾರು ನೋಡುತ್ತಾರೆ? ಅವರಿಗೆ ಭಯವಾದದ್ದು ಅದಕ್ಕೇ.

ಬೆಳಗಿನ ರೈಲು ಹೊರಟಿತು. ಹೇಳಬೇಕು ಎಂದು ಹೊರಟವರು ಏಲೂರಿನಲ್ಲಿ ಕಾಫಿ ಕುಡಿದರು. ತಾಡೇಪಲ್ಲಿಗೂಡೆಂನಲ್ಲಿ ಇನ್ನೊಂದು ಕಾಫಿ. ಗೋದಾವರಿ ಸೇತುವೆಯ ಮೇಲೆ ಎಂದಿನಂತೆ ಹರ್ಷಿತಾಳ ಕೈಗೆ ನಾಣ್ಯ ಕೊಟ್ಟರು, ಅವಳು ಕಿಟಕಿಯಿಂದ ನದಿಗೆ ಎಸೆದು ಕೈ ಮುಗಿದಳು. ಏನು ಬೇಡಿಕೊಂಡಳೆಂದು ಕೇಳುವುದೇ ಬೇಕಿರಲಿಲ್ಲ. ಅನ್ನವರಂನಲ್ಲಿ ಎಲೆಯಲ್ಲಿ ಕಟ್ಟಿದ ಪ್ರಸಾದ ಕೊಂಡರು, ಅವಳು ತಿಂದಳು, ಅವರಿಗೆ ಬಾಯಿಗೆ ಹೋಗಲಿಲ್ಲ. ತುನಿ ದಾಟಿತು. ಇನ್ನು ಒಂದೂವರೆ ಗಂಟೆಯ ದಾರಿ.

"ಹರ್ಷಿತಾ, ಒಂದು ಮಾತು ಹೇಳ್ಬೇಕು ಕಣವ್ವ."

"ಹೇಳಿ ದೊಡ್ಡಪ್ಪ."

"ಆಟೋನಗರದಲ್ಲಿ ನಾನು ನಿಂಗೆ ತೋರ್ಸಿದ್ದು ಹಳೇ ಬಾವಿ ಅಲ್ಲ. ಅದನ್ನ ಒಂಬತ್ತು ವರ್ಷದ ಹಿಂದೆ ಮುಚ್ಚಾಕ್ಬುಟ್ರು. ನಾನು ಪಕ್ಕದ್ದಕ್ಕೆ ಹೋದೆ. ಯಾರ್ಗೂ ಹೇಳ್ಲಿಲ್ಲ."

ಅವಳು ಒಂದು ಕ್ಷಣ ನಕ್ಕಳು, ತಮಾಷೆ ಎಂದುಕೊಂಡು. ಆಮೇಲೆ ನಗು ಹೋಯಿತು. ಲ್ಯಾಪ್‌ಟಾಪ್ ತೆಗೆದು ಗ್ರಾಫಿನ ಮೇಲೆ ಬೆರಳಿಟ್ಟಳು. ದನಿ ಗಟ್ಟಿಯಾಗಿಯೇ ಇತ್ತು.

"ಇಲ್ಲ ದೊಡ್ಡಪ್ಪ, ನಿಮಗೆ ವರ್ಷ ಮರ್ತಿರ್ಬೇಕು. ಬಾವಿ ಬದಲಾದ್ರೆ ನೀರಿನ ಮಟ್ಟ ಒಂದೇ ವಾರಕ್ಕೆ ಎಗರ್ಬೇಕು. ಇಲ್ಲಿ ನೋಡಿ, ಎಂಟು ವಾರ ನಿಧಾನಕ್ಕೆ ಏರಿದೆ. ಇದು ನಿಜವಾಗ್ಲೂ ಏರಿರೋದೇ. ನೀವು ಬಾವಿ ಬದಲಾಯಿಸಿದ್ದು ಇದಾದ್ಮೇಲೆ. ಅಲ್ವಾ? ಅಲ್ವಾ ದೊಡ್ಡಪ್ಪ?"

ಹುಡುಗಿ ಅವರಿಗೆ ಬಾಗಿಲು ತೆರೆದು ಹಿಡಿದಿದ್ದಳು. ಹ್ಞೂಂ ಎಂದರೆ ಸಾಕಿತ್ತು. ಅವಳ ಅಧ್ಯಾಯ ಉಳಿಯುತ್ತಿತ್ತು, ನಕ್ಷೆಗೆ ಏನೋ ಒಂದು ಸಮಜಾಯಿಷಿ ಹೊಂದಿಸಬಹುದಿತ್ತು, ಭಾನುವಾರದ ತಟ್ಟೆಯೂ ಉಳಿಯುತ್ತಿತ್ತು. ಶಂಕರಪ್ಪ ಕಿಸೆಯಿಂದ ಡೈರಿ ತೆಗೆದು ಕೊನೆಯ ಪುಟ ಬಿಡಿಸಿ ಅವಳ ಮಡಿಲಲ್ಲಿಟ್ಟರು.

"ಆ ಎಂಟು ವಾರದ್ದು ನಾನೇ ಬರ್ದಿದ್ದು ಕಣವ್ವ. ಅಳ್ದು ಬರ್ದಿದ್ದಲ್ಲ. ಅಳ್ದಿದ್ದು ಇಲ್ಲೈತೆ."

೭.೧೦, ೭.೧೨, ೭.೦೮. ಎಂಟೂ ಏಳರ ಸುತ್ತಮುತ್ತಲೇ ಇದ್ದವು. ಹರ್ಷಿತಾ ಅದನ್ನು ಓದಿದಳು, ಮತ್ತೆ ಓದಿದಳು. ಎದುರಿನ ಸೀಟಿನ ಹೆಂಗಸು ಏನಾಯಿತಮ್ಮಾ ಎಂದು ತೆಲುಗಿನಲ್ಲಿ ಕೇಳಿದಳು. ಅನಕಾಪಲ್ಲಿ ಬಂದು ಹೋಯಿತು.

"ನಾಲ್ಕು ವರ್ಷ ನಿಮ್ಮನೇಲಿ ಉಂಡಿದೀನಿ" ಎಂದಳು ಕೊನೆಗೆ. "ಒಂದು ದಿನಾನಾದ್ರೂ ಹೇಳ್ಬಹುದಿತ್ತಲ್ಲ?"

"ಹೇಳಿದ್ರೆ ನೀನು ಬರೋದು ಬಿಟ್ಬಿಡ್ತೀಯ ಅಂತ" ಅಂದರು ಶಂಕರಪ್ಪ. ಅದೇ ಸತ್ಯ. ಮೆಮೊಗೆ ಹೆದರಿದ್ದು, ಸನ್ಮಾನಕ್ಕೆ ಆಸೆಪಟ್ಟದ್ದು ಎಲ್ಲ ಆಮೇಲಿನ ಮಾತು. ಅವಳು ಎದ್ದು ಬಾಗಿಲ ಹತ್ತಿರ ಹೋಗಿ ನಿಂತಳು, ವಿಶಾಖಪಟ್ಟಣ ಬರುವವರೆಗೂ ಈ ಕಡೆ ತಿರುಗಲಿಲ್ಲ.

ಎರಡು ಗಂಟೆಗೆ ಸೆಮಿನಾರು ಶುರುವಾಯಿತು. ವಿಭಾಗದ ಮುಖ್ಯಸ್ಥೆ ಪ್ರೊಫೆಸರ್ ಲಕ್ಷ್ಮೀಕಾಂತಮ್ಮ, ಇನ್ನು ಮೂವರು ಸಮಿತಿಯವರು, ಹಿಂದಿನ ಸಾಲಿನಲ್ಲಿ ಹತ್ತಾರು ವಿದ್ಯಾರ್ಥಿಗಳು, ಗೋಡೆ ಪಕ್ಕದ ಸ್ಟೂಲಿನಲ್ಲಿ ಶಂಕರಪ್ಪ. ಮೇಜಿನ ಮೇಲೆ ಹಳದಿಗಟ್ಟಿದ ನಕ್ಷೆ. ಹರ್ಷಿತಾ ಮೂರು ಅಧ್ಯಾಯ ಹೇಳಿ ಮುಗಿಸಿದಳು. ನಾಲ್ಕನೆಯದರ ಹೊತ್ತಿಗೆ ಒಂದು ಗುಟುಕು ನೀರು ಕುಡಿದು, ನಾಲ್ಕನೇ ಅಧ್ಯಾಯವನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ ಎಂದಳು. ಎರಡನೇ ನಂಬರ್ ಬಾವಿ ಒಂಬತ್ತು ವರ್ಷದಿಂದ ಬೇರೆ ಬಾವಿ, ಅದರ ಅಂಕಿಗಳನ್ನು ಬಳಸುವ ಹಾಗಿಲ್ಲ ಎಂದಳು.

"ನಾಲ್ಕು ವರ್ಷ ನೀವು ಅದನ್ನು ಪರೀಕ್ಷಿಸಲಿಲ್ಲವೇ?" ಎಂದು ಸಮಿತಿಯವರೊಬ್ಬರು ಕೇಳಿದರು.

"ಇಲ್ಲ ಸರ್. ಮೊದಲ ದಿನವೇ ನಕ್ಷೆ ಕೇಳಬೇಕಿತ್ತು. ಕೇಳದೇ ಇದ್ದದ್ದು ನನ್ನ ತಪ್ಪು."

ಅವಳು ಗೋಡೆಯ ಕಡೆ ನೋಡಲಿಲ್ಲ. ಒಂದು ಹೆಸರನ್ನೂ ಹೇಳಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ತಲೆ ತಗ್ಗಿಸಿ ನಿಂತದ್ದು ಶಂಕರಪ್ಪನವರಿಗೆ ತಡೆಯಲಾಗಲಿಲ್ಲ. ಎದ್ದು ನಿಂತರು. ಸ್ಟೂಲು ಹಿಂದಕ್ಕೆ ಬಿತ್ತು.

"ಮೇಡಂ, ತಪ್ಪು ಆ ಹುಡುಗಿಯದಲ್ಲ. ನನ್ನದು" ಎಂದು ತೆಲುಗಿನಲ್ಲಿ ಅಂದರು. ಲಾರಿ ಶೆಡ್ಡು, ಕಾಂಕ್ರೀಟ್ ಹಾಸು, ದುರ್ಗಾಭವಾನಿಯ ಹಿತ್ತಲು, ಎಂಟು ವಾರ, ಎಲ್ಲವನ್ನೂ ಹೇಳಿದರು. ಹಳೆಯ ಪ್ರೊಫೆಸರ ಫೋನಿನ ಮಾತನ್ನು ಮಾತ್ರ ಬಿಟ್ಟರು. ನೋಡಿಕೊಳ್ಳಿ ಅಂದವರು ಅವರಿರಬಹುದು, ಬರೆದ ಕೈ ತಮ್ಮದೇ ಅಲ್ಲವೇ? ಲಕ್ಷ್ಮೀಕಾಂತಮ್ಮ ನಕ್ಷೆಯಲ್ಲಿ ಆಟೋನಗರದ ಗುರುತಿನ ಮೇಲೆ ಬೆರಳಿಟ್ಟು ನೋಡಿದರು. ಕೊನೆಗೆ ಹರ್ಷಿತಾಳಿಗೆ, ಆಟೋನಗರದ ಕೆಲಸ ಮೊದಲಿನಿಂದ ಆಗಬೇಕು, ಕನಿಷ್ಠ ಒಂದು ಮಳೆಗಾಲ ಒಂದು ಬೇಸಿಗೆ ಎಂದರು. ಜೂನ್ ಎಂಬ ಮಾತು ಅಲ್ಲಿಗೆ ಮುಗಿಯಿತು. ಶಂಕರಪ್ಪನವರ ಕಡೆ ತಿರುಗಿ, ಬರೆದು ಕೊಡಿ ಎಂದಷ್ಟೇ ಹೇಳಿದರು.

ಸನ್ಮಾನ ನಿಲ್ಲಲಿಲ್ಲ. ಬೇರೆ ವಿಭಾಗದವರಿಗೆ ಆಹ್ವಾನ ಹೋಗಿತ್ತು, ಶಾಲು ಬಂದಿತ್ತು, ಭಾಷಣ ಟೈಪ್ ಆಗಿತ್ತು. ಸೆಮಿನಾರಿನಲ್ಲಿ ಇಲ್ಲದಿದ್ದ ಗುಮಾಸ್ತರೊಬ್ಬರು ಅದನ್ನು ಗಟ್ಟಿಯಾಗಿ ಓದಿದರು. ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಚೌಕವೂ ಖಾಲಿಯಿಲ್ಲ ಎಂಬಲ್ಲಿ ಸಭೆ ಚಪ್ಪಾಳೆ ತಟ್ಟಿತು. ಏಪ್ರಿಲ್ ತಿಂಗಳ ಆ ಸೆಕೆಯಲ್ಲಿ ಶಾಲು ಹೊದ್ದು ಕೂತ ಶಂಕರಪ್ಪ ಸಭೆಯ ಸಾಲುಗಳಲ್ಲಿ ಹುಡುಕಿದರು. ಹರ್ಷಿತಾ ಇರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಅವರಪ್ಪ ಹೊನ್ನಪ್ಪ ಹೇಳುತ್ತಿದ್ದರು. ಚಿಕ್ಕಂದಿನಲ್ಲಿ ಕೇಳಿ ನಕ್ಕಿದ್ದ ಮಾತು ಅದು.

ಭಾನುವಾರ ಉಮಾದೇವಿ ಮುದ್ದೆ, ಬಸ್ಸಾರು ಮಾಡಿ ಮೂರು ತಟ್ಟೆ ಇಟ್ಟರು. ಮಧ್ಯಾಹ್ನ ಎರಡಾಯಿತು, ಮೂರಾಯಿತು.

"ಬರ್ತಾಳೆ ಬಿಡ್ರೀ, ಹುಡ್ಗಿ ಮನಸ್ಸು ಕೆಟ್ಟಿರುತ್ತೆ. ಪರ್ವಾಲೇದು, ಏನೂ ಆಗಲ್ಲ" ಅಂದರು, ಅವರಿಗೇ ನಂಬಿಕೆಯಿಲ್ಲದ ದನಿಯಲ್ಲಿ. ಸಂಜೆ ಅವರೇ ಆ ತಟ್ಟೆಯನ್ನು ಒಳಗಿಟ್ಟರು.

ಸೋಮವಾರ ಶಂಕರಪ್ಪನವರ ಕೊನೆಯ ಸೋಮವಾರ. ಭವಾನಿಪುರದ ಬಾವಿ ಅಳೆದು ಆಟೋನಗರಕ್ಕೆ ಬಂದರೆ ಶೆಡ್ಡಿನ ಮುಂದೆ ಹರ್ಷಿತಾ ನಿಂತಿದ್ದಳು, ಕೈಯಲ್ಲಿ ನಕ್ಷೆಯ ಪ್ರತಿ. ಶಂಕರಪ್ಪನವರ ಎದೆ ಒಮ್ಮೆ ಹಗುರಾಯಿತು.

"ಬಂದ್ಯೇನವ್ವ? ದೊಡ್ಡಮ್ಮ ನಿನ್ನೆ ಕಾಯ್ತಾ ಇದ್ಲು."

ಅವಳು ಹಳೆಯ ಬಾವಿ ಎಲ್ಲಿ ಎಂದು ಕೇಳಿದಳು. ಶಂಕರಪ್ಪ ಹಿಂದಕ್ಕೆ ಕರೆದುಕೊಂಡು ಹೋಗಿ ತೋರಿಸಿದರು. ಎಣ್ಣೆ ಸೋರಿ ಕಪ್ಪಾದ ಕಾಂಕ್ರೀಟು, ಅದರ ಮೇಲೆ ಚಕ್ರ ಬಿಚ್ಚಿದ ಒಂದು ಲಾರಿ. ಹರ್ಷಿತಾ ಮಂಡಿಯೂರಿ ಕೂತು ಫೋಟೊ ತೆಗೆದಳು, ನಕ್ಷೆಯಲ್ಲಿ ಗುರುತು ಮಾಡಿಕೊಂಡಳು. ಶಂಕರಪ್ಪ ರೂಢಿಯ ಮೇಲೆ ರಿಜಿಸ್ಟರು ಬಿಡಿಸಿ, ಆಟೋನಗರದ ಚೌಕದ ಮೇಲೆ ಪೆನ್ನಿಟ್ಟು ಕಾಲುವೆಯ ಕಡೆ ಹೊರಡಲು ತಿರುಗಿದರು. ನಾನೂರು ಹೆಜ್ಜೆ ಆಚೆ ದುರ್ಗಾಭವಾನಿಯ ಹಿತ್ತಲ ಬಾಗಿಲು ತೆರೆದೇ ಇರುತ್ತದೆ.

ಹರ್ಷಿತಾ ಎದ್ದು ಮಂಡಿಯ ಧೂಳು ಒರೆಸಿಕೊಂಡಳು. ದನಿಯಲ್ಲಿ ಸಿಟ್ಟಿರಲಿಲ್ಲ, ಆಫೀಸಿನವರೆಲ್ಲ ಮಾತಾಡುವ ಹಾಗೆ ಮೆತ್ತಗೆ, ಮರ್ಯಾದೆಯಿಂದಲೇ ಇತ್ತು.

"ಇಲ್ಲಿ ಏನೂ ಬರೀಬೇಡಿ, ಶಂಕರಪ್ಪ ಗಾರು."